ನಮ್ಮ ಭಾವ ಮತ್ತು ಸದ್ದಿಳಿಸುವ ಗುಂಡಿ

ನಮ್ಮ ಅಕ್ಕನ ಗಂಡ ಮೂವತ್ತೊಂದು ವರ್ಷ ಸಂಬಳ ತೆಗೆದುಕೊಂಡು ಮಾಡಿದ ಕೆಲಸ ಒಂದೇ: ಹಾಡಿನ ಸದ್ದು ಇಳಿಸುವುದು. ಹಾಡುವುದಲ್ಲ, ನುಡಿಸುವುದಲ್ಲ, ಇಳಿಸುವುದು. ಅಕ್ಕನಿಗೆ ಮದುವೆ ಗೊತ್ತಾದಾಗ ಹುಡುಗ ಏನು ಮಾಡುತ್ತಾನೆ ಎಂದು ಕೇಳಿದವರಿಗೆಲ್ಲ ನಮ್ಮಮ್ಮ "ಸೌಂಡ್ ಕಡೆ ಕೆಲಸ" ಎಂದು ಹೇಳಿ ತಟ್ಟನೆ ಮಾತು ಬದಲಿಸುತ್ತಿದ್ದಳು. ನಾನು ಬಾಯಿಬಡುಕಿ, ಮುಖಕ್ಕೇ ಹೇಳುತ್ತಿದ್ದೆ. "ಭಾವ, ಒಂದು ಬಟನ್ ಒತ್ತೋದೂ ಒಂದು ಕೆಲಸಾನಾ?" ಅವರು ನಗುತ್ತಿದ್ದರು. ಆ ನಗುವಿಗೂ ಸದ್ದಿರುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಅವರನ್ನು ಮೆತ್ತಣ್ಣ ಎಂದು ಕರೆಯುತ್ತಿದ್ದರು.

ಅವರಿದ್ದದ್ದು ಸಂತಾಪ ಸಭೆಗಳಿಗೆ ಬಾಡಿಗೆಗೆ ಕೊಡುವ ಒಂದು ಹಾಲ್‌ನಲ್ಲಿ. ನಾನೂ ಅಲ್ಲೇ ಇದ್ದೇನೆ, ಹತ್ತೊಂಬತ್ತು ವರ್ಷದಿಂದ. ಕುರ್ಚಿ ಹಾಕುವುದು, ಹೂ ಜೋಡಿಸುವುದು, ಎಲ್ಲ ಮುಗಿದ ಮೇಲೆ ಕಣ್ಣೊರೆಸಿ ಬಿಸಾಕಿದ ಕಾಗದ ಗುಡಿಸುವುದು ನನ್ನ ಪಾಲು. ಸೇರಿಸಿದ್ದು ಭಾವನೇ. ನೂರಿಪ್ಪತ್ತು ಕುರ್ಚಿ, ಎದುರಿಗೆ ಬಿಳಿ ಪರದೆ, ಪರದೆಯ ಮೇಲೆ ಪ್ರೊಜೆಕ್ಟರ್ ಬಿಡುವ ಸತ್ತವರ ಫೋಟೊ, ಎಡಗಡೆ ಮೂಲೆಯಲ್ಲಿ ಪುಟ್ಟ ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ಹಿಂದೆ ಭಾವ. ಸಭೆಯ ಕ್ರಮ ಯಾವಾಗಲೂ ಒಂದೇ. ಎಲ್ಲರೂ ಕೂರುತ್ತಾರೆ, ದೀಪ ಮಂಕಾಗುತ್ತದೆ, ಹೋದವರಿಗೆ ಇಷ್ಟವಾಗಿದ್ದ ಹಾಡು ಬರುತ್ತದೆ, ಆಮೇಲೆ ಎರಡು ನಿಮಿಷ ಮೌನ, ಆಮೇಲೆ ಭಾಷಣ. ಭಾಷಣದ ವಿಷಯ ಬಿಡಿ. ಆ ಮನುಷ್ಯ ಬದುಕಿದ್ದಾಗ ಒಂದು ಫೋನ್ ಮಾಡಿ ವಿಚಾರಿಸದವರೇ ಮೈಕ್ ಕೈಗೆ ಸಿಕ್ಕರೆ ಬಿಡುವುದಿಲ್ಲ.

ಇದರಲ್ಲಿ ಯಾರ ಕಣ್ಣಿಗೂ ಬೀಳದ ಜಾಗ ಒಂದಿದೆ. ಹಾಡು ಹೋಗಿ ಮೌನ ಬರುವ ಜಾಗ. ಹಾಡನ್ನು ಫಟ್ಟನೆ ನಿಲ್ಲಿಸಿದರೆ ಜನ ಬೆಚ್ಚಿ ತಲೆಯೆತ್ತುತ್ತಾರೆ, ಆ ಕಡೆ ಈ ಕಡೆ ನೋಡುತ್ತಾರೆ, ಒಬ್ಬ ಕೆಮ್ಮುತ್ತಾನೆ, ಅಳುತ್ತಿದ್ದವರಿಗೆ ಅಳಲು ನಾಚಿಕೆಯಾಗುತ್ತದೆ. ಭಾವ ಅದನ್ನು ಆಗಗೊಡುತ್ತಿರಲಿಲ್ಲ. ಮೊದಲ ಸಾಲಿನಲ್ಲಿ ಹೋದವರಿಗೆ ತೀರಾ ಹತ್ತಿರದವರು ಯಾರು ಎಂದು ಮೊದಲೇ ಗುರುತಿಟ್ಟುಕೊಳ್ಳುತ್ತಿದ್ದರು. ಹಾಡು ಕೊನೆಗೆ ಬಂದಾಗ ಅವರ ಭುಜವನ್ನೇ ನೋಡುತ್ತಾ, ಅವರು ಒಂದು ಸಲ ಉಸಿರು ಬಿಟ್ಟರೆ ಇವರು ಒಂದು ಸಲ ಗುಂಡಿ ಒತ್ತುತ್ತಿದ್ದರು. ಉಸಿರಿಗೊಂದು ಒತ್ತು. ಹಳೆಯ ಲ್ಯಾಪ್‌ಟಾಪಿನಲ್ಲಿ ಸದ್ದಿಗೆ ಹದಿನಾರು ಮೆಟ್ಟಿಲಿದ್ದವು. ಹದಿನಾರು ಉಸಿರಿನಲ್ಲಿ ಹಾಡು ಎಲ್ಲಿ ಹೋಯಿತು ಎಂದು ಯಾರಿಗೂ ತಿಳಿಯದ ಹಾಗೆ ಹೋಗಿಬಿಡುತ್ತಿತ್ತು. ಸೊನ್ನೆಗೆ ಬಂದ ಮೇಲೂ ಹಾಡು ಒಳಗೊಳಗೇ ಓಡುತ್ತಿರುತ್ತಿತ್ತು. ನಿಲ್ಲಿಸಿದರೆ ಸ್ಪೀಕರ್ ಟಿಕ್ ಎನ್ನುತ್ತದೆ ಎಂದು ಅವರು ನಿಲ್ಲಿಸುತ್ತಲೇ ಇರಲಿಲ್ಲ.

ಸದ್ದಿನ ಹಾಗೆಯೇ ಬೆಳಕು. ಅವರ ಮೇಜು ಮೊದಲ ಸಾಲಿನ ಪಕ್ಕದಲ್ಲೇ ಇತ್ತು. ಲ್ಯಾಪ್‌ಟಾಪಿನ ಬೆಳಕು ಅಳುವವರ ಮುಖದ ಮೇಲೆ ಬೀಳಬಾರದು ಎಂದು ಅದನ್ನೂ ಗುಂಡಿ ಒತ್ತಿ ಒತ್ತಿ ಕೊನೆಯ ಮೆಟ್ಟಿಲಿಗೆ ಇಳಿಸಿ ಕೂರುತ್ತಿದ್ದರು. ಕಣ್ಣಿನಿಂದ ಏನನ್ನೂ ಹುಡುಕುವ ಅಗತ್ಯವಿರಲಿಲ್ಲ, ಬೆರಳಿಗೆ ಎಲ್ಲ ಗೊತ್ತಿತ್ತು.

ಈ ವಿದ್ಯೆ ಎಲ್ಲಿಂದ ಬಂತೆಂದು ಅಕ್ಕ ಒಮ್ಮೆ ಹೇಳಿದಳು. ಭಾವನ ಅಪ್ಪ ರೇಡಿಯೊ ಹಾಕಿಕೊಂಡು ಮಲಗುವ ಆಸಾಮಿ, ಹೊಡೆಯಲು ಕೈ ಬೇರೆ ಮುಂದು. ರೇಡಿಯೊ ಗಕ್ಕನೆ ನಿಂತರೆ ಎಚ್ಚರವಾಗಿ, ಕೈಗೆ ಸಿಕ್ಕವರಿಗೆ ನಾಲ್ಕು ಬಿಗಿಯುತ್ತಿದ್ದ. ಹಾಗೇ ಬಿಟ್ಟರೆ ಮನೆಯವರಿಗೆ ನಿದ್ದೆಯಿಲ್ಲ. ಏಳು ವರ್ಷದ ಈ ಮಗ ಪಕ್ಕದಲ್ಲಿ ಕೂತು, ಅಪ್ಪನ ಹೊಟ್ಟೆ ಏರುವುದು ಇಳಿಯುವುದನ್ನು ನೋಡುತ್ತಾ, ತಿರುಪನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ ಕಲಿತದ್ದು ಅದು. ಕೇಳಿ ನಾನು ಸುಮ್ಮನಾದೆ. ಎರಡೇ ದಿನ. ಮೂರನೇ ದಿನ ಮತ್ತೆ ಬಟನ್ ಪುರಾಣ ತೆಗೆದೆ, ನನ್ನ ಬುದ್ಧಿಯೇ ಅಷ್ಟು.

ಅಷ್ಟೊಂದು ಕಷ್ಟ ಯಾಕೆ, ಆಂಪ್ಲಿಫೈಯರಿನ ತಿರುಪನ್ನೇ ತಿರುಗಿಸಬಹುದಿತ್ತಲ್ಲ ಎಂದು ನಿಮಗೆ ಅನಿಸಬಹುದು. ಅದು ಗೋಡೆ ಬೀರುವಿನಲ್ಲಿದೆ, ಬೀರುವಿಗೆ ಬೀಗ, ಬೀಗದ ಕೈ ಮ್ಯಾನೇಜರ್ ಸೊಂಟದಲ್ಲಿ. ಯಾವುದೋ ಕಾಲದಲ್ಲಿ ಯಾರೋ ಅತಿಥಿ ಅದನ್ನು ಮುಟ್ಟಿ ಕೆಡಿಸಿದರಂತೆ. ಅಂದಿನಿಂದ ಅದು ಒಳಗೇ ಇದೆ. ನಮ್ಮ ಮ್ಯಾನೇಜರ್‌ಗೆ ಗೊತ್ತಿರುವ ಪರಿಹಾರ ಎರಡು: ಒಂದು ಬೀಗ ಹಾಕುವುದು, ಇನ್ನೊಂದು ಬರೆಸಿಕೊಳ್ಳುವುದು. ಬಾಗಿಲಲ್ಲಿ ಒಂದು ದೂರು ಪುಸ್ತಕ ಇಟ್ಟಿದ್ದಾರೆ. ಒಂದು ವರ್ಷದಲ್ಲಿ ಒಬ್ಬರ ಮೇಲೆ ಮೂರು ದೂರು ಬಂದರೆ ಅವರು ಮನೆಗೆ. ವಿಚಾರಣೆ ಇಲ್ಲ, ಕೇಳುವುದು ಹೇಳುವುದು ಇಲ್ಲ. ಮೂವತ್ತು ವರ್ಷದಲ್ಲಿ ಭಾವನ ಹೆಸರಿನ ಪುಟ ಖಾಲಿಯಿತ್ತು.

ಆಮೇಲೆ ಅಳಿಯ ದೇವರು ಬಂದರು. ಮ್ಯಾನೇಜರ್ ಮಗಳ ಗಂಡ, ವಯಸ್ಸು ಮೂವತ್ತೈದು, ಕೆಲಸ ಏನೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ, ಬಹುಶಃ ಅವರಿಗೂ ಗೊತ್ತಿರಲಿಕ್ಕಿಲ್ಲ. ಮಾವನ ಮನೆಗೆ ಬಂದವರು ಹಾಲ್‌ಗೂ ಬಂದು, ಹಳೆಯ ಲ್ಯಾಪ್‌ಟಾಪನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ನೋಡಿ, ಇಲಿ ಹಿಡಿದವರ ಹಾಗೆ ಮುಖ ಮಾಡಿದರು. ವಾರದೊಳಗೆ ಹೊಸ ಲ್ಯಾಪ್‌ಟಾಪು, ಅದರಲ್ಲಿ ಹೊಸ ಆಪರೇಟಿಂಗ್ ಸಿಸ್ಟಂ. ಹಳೆಯದನ್ನು ಇನ್ನು ಹಾಲ್‌ನಲ್ಲಿ ಮುಟ್ಟಬಾರದು ಎಂದರು, ಭಾವ ಕೇಳಿ ಮನೆಗೆ ತಂದರು.

ಹೊಸದರ ಮೊದಲ ಸಭೆ ನಿವೃತ್ತ ಹೆಡ್‌ಮಿಸ್ ಒಬ್ಬರದು. ದೊಡ್ಡ ಫೋಟೊ, ಕನ್ನಡಕ, ಗಂಭೀರವಾದ ಮುಖ. ಹಾಡು ಕೊನೆಗೆ ಬಂತು. ಅವರ ಮಗ ಉಸಿರು ಬಿಟ್ಟರು, ಭಾವ ಗುಂಡಿ ಒತ್ತಿದರು. ಸ್ಪೀಕರಿನಲ್ಲಿ 'ಟೊಂಯ್' ಎಂದಿತು. ಜೊತೆಗೆ ಪರದೆಯ ಮೇಲೆ, ಆ ತಾಯಿಯ ಗಲ್ಲದ ಮೇಲೆ ಅಡ್ಡಕ್ಕೆ, ಒಂದು ನೀಲಿ ಪಟ್ಟಿ ಮೂಡಿ ಅದರಲ್ಲಿ ತೊಂಬತ್ತು ಎಂಬ ಅಂಕಿ ಬಂತು. ಭಾವನಿಗೆ ಏನಾಯಿತೆಂದು ತಿಳಿಯಲಿಲ್ಲ. ಇನ್ನೊಂದು ಸಲ ಒತ್ತಿದರು. ಟೊಂಯ್, ಎಂಬತ್ತು. ಈ ಯಂತ್ರಕ್ಕೆ ಮೆಟ್ಟಿಲು ಹತ್ತೇ, ಒಂದೊಂದೂ ಮೊಣಕಾಲೆತ್ತರ. ಅರ್ಧಕ್ಕೆ ಬಿಡುವ ಹಾಗಿಲ್ಲ, ಮೌನ ಬರಬೇಕಲ್ಲ. ಜೀವಮಾನವಿಡೀ ಮಕ್ಕಳಿಗೆ ಅಂಕ ಕೊಟ್ಟ ಹೆಂಗಸಿನ ಮುಖದ ಮೇಲೆ ಎಪ್ಪತ್ತು, ಅರವತ್ತು, ಐವತ್ತು ಎಂದು ಇಳಿದು ಇಳಿದು ಕೊನೆಗೆ ಸೊನ್ನೆ ಬಿತ್ತು. ಹಿಂದಿನ ಸಾಲಿನಲ್ಲಿ ಅವರ ಹಳೆಯ ವಿದ್ಯಾರ್ಥಿಗಳು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದರು, ಅಳುವುದಕ್ಕಲ್ಲ. ಮಗ ಹೋಗುವಾಗ ದೂರು ಪುಸ್ತಕದಲ್ಲಿ ಅರ್ಧ ಪುಟ ಬರೆದರು. ಮೂವತ್ತು ವರ್ಷ ಖಾಲಿಯಿದ್ದ ಪುಟ ಹೀಗೆ ತುಂಬತೊಡಗಿತು.

ಭಾವ ಅಳಿಯ ದೇವರ ಹತ್ತಿರ ಹೋದರು. ನಾನೂ ಹೋದೆ, ಯಾಕೆಂದರೆ ಭಾವನಿಗೆ ಜಗಳವಾಡಲು ಬರುವುದಿಲ್ಲ.

"ಅಂಕಲ್, ಅದು ತೊಂದ್ರೆ ಅಲ್ಲ, ಅದೊಂದು ಫೀಚರ್," ಎಂದರು ಅವರು, ಫೋನಿನಿಂದ ತಲೆಯೆತ್ತದೆ. "ಸೌಂಡ್ ಎಷ್ಟಾಯ್ತು ಅಂತ ಬಳಸೋರಿಗೆ ಗೊತ್ತಾಗ್ಲಿ ಅಂತ ಕೊಟ್ಟಿದಾರೆ."

"ಬಳಸೋನಿಗೆ ಕಿವಿ ಇದೆಯಲ್ಲಪ್ಪ," ಎಂದರು ಭಾವ. "ಸದ್ದು ಇಳಿದದ್ದು ಕಿವಿಗೇ ಗೊತ್ತಾಗುತ್ತೆ. ಅದಕ್ಕೆ ಇನ್ನೊಂದು ಸದ್ದು ಮಾಡಿ ಹೇಳಬೇಕಾ?"

"ನೋಡೋಣ, ಅಪ್‌ಡೇಟ್ ಹಾಕ್ತೀನಿ."

"ಮತ್ತೆ ಬೆಳಕು. ನಾನು ಇಳಿಸಿ ಇಡ್ತೀನಿ, ಪ್ರೊಜೆಕ್ಟರ್ ವೈರ್ ಚುಚ್ಚಿದ ಕೂಡ್ಲೆ ಅದು ತಾನೇ ಪೂರ್ತಿ ಏರುತ್ತೆ."

"ಅದು ಆಟೊಮ್ಯಾಟಿಕ್ ಅಂಕಲ್. ಅದಕ್ಕೇ ಗೊತ್ತಾಗುತ್ತೆ ಎಷ್ಟು ಬೇಕು ಅಂತ."

ಅದಕ್ಕೇ ಗೊತ್ತಾಗುತ್ತದಂತೆ. ಗಂಡ ಸತ್ತವಳ ಮುಖಕ್ಕೆ ಎಷ್ಟು ಬೆಳಕು ಬೇಕೆಂದು ಆ ತಗಡಿಗೆ ಗೊತ್ತಂತೆ. ನಾನು ಬಾಯಿಗೆ ಬಂದದ್ದನ್ನು ಹೇಳಲು ಹೊರಟೆ, ಭಾವ ಕಣ್ಣಲ್ಲೇ ತಡೆದರು. ಮುಂದಿನ ಸಭೆಗೆ ಅವರು ಮನೆಯಿಂದ ಕಪ್ಪು ಟವೆಲ್ ತಂದು ಲ್ಯಾಪ್‌ಟಾಪಿನ ಮುಖಕ್ಕೆ ಹೊದಿಸಿದರು.

ಅಪ್‌ಡೇಟ್ ಬಂತು. ಟೊಂಯ್ ಹೋಯಿತು, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಅದರ ಜೊತೆ ಇನ್ನೇನೋ ಬದಲಾಗಿತ್ತು, ಹೇಳುವವರು ಯಾರೂ ಇರಲಿಲ್ಲ. ಆ ದಿನ ಬಸ್ ಡ್ರೈವರ್ ಒಬ್ಬರ ಸಭೆ. ಯೂನಿಫಾರಂ ಹಾಕಿಕೊಂಡು ನಗುತ್ತಿರುವ ಫೋಟೊ. ಅವರ ಹೆಂಡತಿ ಮೊದಲ ಕುರ್ಚಿಯಲ್ಲಿ ಕೂತಿದ್ದರು, ಉಸಿರು ಬಿಟ್ಟರು, ಭಾವ ಒತ್ತಿದರು. ಹಾಡು ಇಳಿಯಲಿಲ್ಲ. ಬದಲಿಗೆ ಪರದೆಯ ತುಂಬ ಬಿಳಿ ಕಿಟಕಿಯೊಂದು ತೆರೆದು, ಡ್ರೈವರ್ ಮುಖ ಮುಚ್ಚಿಹೋಗಿ, ದಪ್ಪ ಅಕ್ಷರದಲ್ಲಿ ಒಂದು ಪ್ರಶ್ನೆ ಬಂತು: 'ನಾವು ನಿಮಗೆ ಹೇಗೆ ಸಹಾಯ ಮಾಡಬಹುದು?'

ಆ ಹೆಂಗಸು ಅದನ್ನು ಮೆಲ್ಲಗೆ ಓದಿಕೊಂಡರು. ಓದಿ ತಲೆ ತಗ್ಗಿಸಿದರು. ನಾನು ಹೂವಿನ ಪಕ್ಕದಲ್ಲೇ ನಿಂತಿದ್ದೆ, ನನ್ನ ಮೈ ಉರಿದುಹೋಯಿತು. ಇಂಥದ್ದನ್ನು ಮಾಡಿಟ್ಟವರು ಎಲ್ಲೋ ತಣ್ಣನೆಯ ಕೋಣೆಯಲ್ಲಿ ಕೂತು ಕಾಫಿ ಕುಡಿಯುತ್ತಿರುತ್ತಾರೆ. ಒಂದು ಗುಂಡಿಯ ಮುಂದೆ ಯಾರು ಕೂತಿರಬಹುದು ಎಂದು ಅರ್ಧ ನಿಮಿಷ ಯೋಚಿಸುವಷ್ಟು ಬಿಡುವೂ ಅವರಿಗಿಲ್ಲ. ಎರಡನೇ ದೂರು ಬರೆದದ್ದು ಡ್ರೈವರ್‌ನ ತಮ್ಮ.

"ಕೀಗಳ ಕೆಲಸ ಬದಲಾಗಿದೆ ಅಂಕಲ್," ಎಂದರು ಅಳಿಯ ದೇವರು. "ಈಗ ಬರೀ ಒತ್ತಿದ್ರೆ ಬೇರೆ ಕೆಲಸ. ಕೆಳಗಡೆ ಮೂಲೇಲಿರೋ ಕೀ ಹಿಡ್ಕೊಂಡು ಒತ್ತಿದ್ರೆ ಸೌಂಡು."

"ಬಟನ್ ಮೇಲೆ ಸ್ಪೀಕರ್ ಚಿತ್ರ ಹಾಗೇ ಇದೆಯಲ್ಲ," ಎಂದೆ ನಾನು. "ಚಿತ್ರ ಸೌಂಡಿಂದು, ಕೆಲಸ ಬೇರೆಯವರದ್ದಾ?"

"ಸೆಟ್ಟಿಂಗ್‌ನಲ್ಲಿ ಸರಿ ಮಾಡ್ತೀನಿ ಬಿಡಿ ಆಂಟಿ."

ನನಗೂ ಅವರಿಗೂ ಆರು ವರ್ಷದ ಅಂತರ. ಆಂಟಿಯಂತೆ.

ಮ್ಯಾನೇಜರ್ ಭಾವನನ್ನು ಕರೆಸಿದರು. "ನೋಡ್ರೀ ಮೆತ್ತಣ್ಣ, ಎರಡಾಗಿದೆ. ಇನ್ನೊಂದಾದ್ರೆ ನನ್ನ ಕೈಲಿ ಏನಿಲ್ಲ. ವಯಸ್ಸಾದ ಮೇಲೆ ಹೊಸದು ತಲೆಗೆ ಹತ್ತಲ್ಲ ಅಂತ ಒಪ್ಕೊಂಡ್ಬಿಡಿ." ಭಾವ ಹೊರಗೆ ಬಂದರು. ಅವರಿಗೆ ಐವತ್ತೆಂಟು. ಬೇರೆ ಕೆಲಸ ಬರುವುದಿಲ್ಲ, ಕಲಿತದ್ದು ಇದೊಂದೇ. ಆ ಕುರ್ಚಿ ಹೋದರೆ ಮನುಷ್ಯನೇ ಹೋದ ಹಾಗೆ ಎಂದು ಅಕ್ಕ ಅಡುಗೆಮನೆಯಲ್ಲಿ ನನ್ನ ಹತ್ತಿರ ಹೇಳಿ ಕಣ್ಣೊರೆಸಿಕೊಂಡಳು.

ಭಾನುವಾರ ಭಾವ ನನ್ನನ್ನು ಕರೆದು ಹಳೆಯ ಲ್ಯಾಪ್‌ಟಾಪು ಮುಂದಿಟ್ಟರು. ಆಪರೇಟಿಂಗ್ ಸಿಸ್ಟಂ ಮಾಡುವವರಿಗೆ ಒಂದು ಪತ್ರ ಬರೆಯಬೇಕು, ಅವರು ಹೇಳುತ್ತಾರೆ, ನಾನು ಟೈಪ್ ಮಾಡಬೇಕು. ನನಗೆ ನಗು ಬಂತು. ನುಂಗಿಕೊಂಡು ಕೂತೆ. ಬಾಯಿ ಬಿಟ್ಟರೆ ನಾಲ್ಕು ಮಾತು ಬಾರದ ಮನುಷ್ಯ ಅಂದು ಒಂದು ಗಂಟೆ ಹೇಳಿದರು.

"ಬರಿ. ಬಟನ್ ಒತ್ತಿದ ಕೂಡ್ಲೆ ಕೆಲಸ ಆಗ್ಬೇಕು. ಆ ಹೊತ್ತಿಗೆ ಮುಂದೆ ಯಾವ ಪ್ರೋಗ್ರಾಂ ತೆರೆದಿದ್ರೂ ಸರಿ, ಸದ್ದಿನ ಬಟನ್ ಅದರ ಕೈಗೆ ಹೋಗ್ಬಾರ್ದು. ಅದು ಯಂತ್ರದ್ದು, ಪ್ರೋಗ್ರಾಮಿಂದಲ್ಲ. ಆಯ್ತಾ?"

"ಆಯ್ತು."

"ಎಷ್ಟಾಯ್ತು ಅಂತ ತೋರಿಸ್ಲೇಬೇಕು ಅಂದ್ರೆ ಒತ್ತಿದವನ ಮುಂದೆ ಮೂಲೇಲಿ ಸಣ್ಣದಾಗಿ ತೋರಿಸ್ಲಿ. ಊರಿಗೆಲ್ಲ ಕಾಣೋ ಪರದೆ ಮೇಲೆ ಯಾಕೆ? ಮೆಟ್ಟಿಲು ಸಣ್ಣದಿರ್ಬೇಕು. ಎಷ್ಟು ಮೆಟ್ಟಿಲು ಅಂತ ನಾನೇ ಹೇಳೋ ಹಾಗಿದ್ರೆ ಇನ್ನೂ ಒಳ್ಳೇದು."

"ಬೆಳಕು?"

"ನಾನು ಎಲ್ಲಿ ಬಿಟ್ಟೆನೋ ಅಲ್ಲೇ ಇರ್ಬೇಕು. ವೈರ್ ಚುಚ್ಚಿದ್ರೂ ಕಿತ್ತರೂ, ಮಲಗಿ ಎದ್ರೂ. ಮನುಷ್ಯ ಒಂದ್ಸಲ ಕೈಯಾರೆ ಇಳಿಸಿದಾನೆ ಅಂದ್ರೆ ಅವನಿಗೊಂದು ಕಾರಣ ಇರುತ್ತೆ ಅಂತ ಬರಿ." ನಾನು ಬರೆದು ಮುಗಿಸುವವರೆಗೆ ಕಾದು ಮತ್ತೆ ಹೇಳಿದರು. "ಇನ್ನೊಂದು. ಆ ಹೊಸದರ ಬಾಯಿ ಪೂರ್ತಿ ಮುಚ್ಚಿಸೋ ಬಟನ್ ಇದೆಯಲ್ಲ, ಮ್ಯೂಟು. ಅದನ್ನ ಒತ್ತಿದ ಮೇಲೆ 'ಹೆಚ್ಚಿಸು' ಅಂದಾಗ ಮಾತ್ರ ಬಾಯಿ ಬಿಡಬೇಕು. 'ಇಳಿಸು' ಅಂದ್ರೂ ಅದು ಮೊದ್ಲು ಬಾಯಿ ಬಿಡುತ್ತೆ, ನಾನು ಒತ್ತಿ ನೋಡಿದೀನಿ. ಇಳಿಸು ಅನ್ನೋನಿಗೆ ಸದ್ದು ಬೇಡ ಅಂತಾನೇ ಅರ್ಥ. ಅಷ್ಟೂ ತಿಳಿಯಲ್ವಾ ಇವರಿಗೆ?"

ಅವರ ಬಾಯಲ್ಲಿ ನಾನು ಕೇಳಿದ ಅತಿ ದೊಡ್ಡ ಬೈಗುಳ ಅದು. ನಾನು ಒಂದು ಬೆರಳಲ್ಲಿ ಕುಟ್ಟಿ ಕುಟ್ಟಿ ಎಲ್ಲ ಬರೆದು ಕಳಿಸಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.' ಕೆಳಗೆ ಐದು ನಕ್ಷತ್ರ, ನಮ್ಮ ಸೇವೆಗೆ ಎಷ್ಟು ಕೊಡುತ್ತೀರಿ ಎಂದು. ನಾನು ಒಂದೂ ಕೊಡದೆ ಮುಚ್ಚಲು ಹೋದರೆ ಮುಚ್ಚಲು ಬಿಡಲಿಲ್ಲ, ಕನಿಷ್ಠ ಒಂದಾದರೂ ಕೊಡಲೇಬೇಕಂತೆ. ನಾಚಿಕೆಗೆಟ್ಟವರು.

ಆ ತಿಂಗಳ ಕೊನೆಗೆ ಮ್ಯಾನೇಜರ್ ತಾಯಿ ತೀರಿಕೊಂಡರು. ಎಂಬತ್ತೊಂಬತ್ತು ವರ್ಷದ ಒಳ್ಳೆಯ ಮುದುಕಿ, ಹಾಲ್‌ಗೆ ಬಂದಾಗಲೆಲ್ಲ ನನ್ನ ಹೂವಿನ ಬುಟ್ಟಿ ಮುಟ್ಟಿ ನೋಡಿ ಹೋಗುತ್ತಿದ್ದರು. ಸಭೆ ನಮ್ಮ ಹಾಲ್‌ನಲ್ಲೇ. ನೂರಿಪ್ಪತ್ತು ಕುರ್ಚಿ ಸಾಲದೆ ಪಕ್ಕದ ಅಂಗಡಿಯಿಂದ ಮೂವತ್ತು ತರಿಸಿದೆ. ಭಾವ ಬಿಳಿ ಶರ್ಟು ಹಾಕಿಕೊಂಡು ಬಂದು ಮೇಜಿನ ಹತ್ತಿರ ಹೋದರೆ ಅಲ್ಲಿ ಅಳಿಯ ದೇವರು ಕೂತಿದ್ದರು.

"ಇವತ್ತು ನಮ್ಮ ಹುಡುಗನೇ ನೋಡ್ಕೋತಾನೆ," ಎಂದರು ಮ್ಯಾನೇಜರ್. "ದೊಡ್ಡ ದೊಡ್ಡವರು ಬರ್ತಾರೆ. ನೀವು ಹಿಂದೆ ಎಲ್ಲಾದ್ರೂ ಕೂತ್ಕೊಳ್ಳಿ."

ಭಾವ ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ಕೂತರು. ಕೈಗಳನ್ನು ಎಲ್ಲಿಡಬೇಕೆಂದು ಗೊತ್ತಾಗದೆ ತೊಡೆಯ ಕೆಳಗೆ ಇಟ್ಟುಕೊಂಡರು.

ಹಾಡು ಬಂತು. ಕೊನೆಗೆ ಬಂತು. ಅಳಿಯ ದೇವರು ಯಾರ ಭುಜವನ್ನೂ ನೋಡಲಿಲ್ಲ, ಗುಂಡಿಯನ್ನೇ ನೋಡುತ್ತಾ ಒಂದರ ಹಿಂದೆ ಒಂದು ಒತ್ತಿದರು. ಮುದುಕಿಯ ಮುಖಕ್ಕೆ ಅಡ್ಡಡ್ಡ ನೀಲಿ ಪಟ್ಟಿ ಬಂತು, ತೊಂಬತ್ತು, ಎಂಬತ್ತು. ಮಾವ ತಿರುಗಿ ಕಣ್ಣು ಬಿಟ್ಟರು. ಅಳಿಯ ಗಾಬರಿಯಾಗಿ ಮ್ಯೂಟ್ ಒತ್ತಿದರು. ಹಾಡು ಕತ್ತು ಹಿಸುಕಿದ ಹಾಗೆ ನಿಂತಿತು. ಜನ ತಲೆಯೆತ್ತಿದರು, ಮೌನ ಶುರುವಾಯಿತೆಂದುಕೊಂಡು ಎದ್ದು ನಿಂತರು. ಪರದೆಯ ಮೇಲೆ ಈಗ ಅಡ್ಡಗೆರೆ ಎಳೆದ ಸ್ಪೀಕರಿನ ಚಿತ್ರ, ಸರಿಯಾಗಿ ಬಾಯಿಯ ಮೇಲೆ. ಅದನ್ನು ಅಳಿಸಬೇಕೆಂದು ಅವರು ಏನೇನೋ ಒತ್ತಿದರು, ಅದರಲ್ಲಿ ಇಳಿಸುವ ಗುಂಡಿಯನ್ನೂ ಒತ್ತಿದರು. ಭಾವ ಪತ್ರದಲ್ಲಿ ಬರೆಸಿದ್ದೇ ಆಯಿತು. ಯಂತ್ರ ಬಾಯಿ ಬಿಟ್ಟಿತು. ಎಲ್ಲರೂ ಎದ್ದು ನಿಂತು ತಲೆಬಾಗಿಸಿದ ಮೌನದ ನಡುವೆ ಹಾಡು ಒಮ್ಮೆಲೇ ಕಿರುಚಿಕೊಂಡು ಬಂತು. ಮ್ಯಾನೇಜರ್ ಹಾರಿಬಿದ್ದರು. ಅಳಿಯ ದೇವರ ಬೆರಳುಗಳು ಗುಂಡಿಗಳ ಮೇಲೆ ಓಡಾಡಿದಷ್ಟೂ ಅದು ನಿಲ್ಲುತ್ತಿತ್ತು, ಬರುತ್ತಿತ್ತು.

ಭಾವ ಕೊನೆಯ ಸಾಲಿನಿಂದ ಎದ್ದರು. ಓಡಲಿಲ್ಲ. ಗೋಡೆ ಪಕ್ಕದಿಂದ ನಡೆದು ಬಂದು, ಅಳಿಯನ ಕೈಯನ್ನು ಮೆತ್ತಗೆ ಸರಿಸಿ, ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರು. ಯಾವ ಗುಂಡಿಯನ್ನೂ ನಂಬಲಿಲ್ಲ.

ಸದ್ದು ಹೋಯಿತು, ಪರದೆಯೂ ಕಪ್ಪಾಯಿತು. ಅರೆಕತ್ತಲಲ್ಲಿ ನೂರೈವತ್ತು ಜನ ನಿಂತಿದ್ದರು. ಆ ಮೌನದಲ್ಲಿ ಒಬ್ಬರು ಅಳುವುದು ಕೇಳಿಸಿತು. ಮೊದಲು ಮೂಗೇರಿಸಿದ ಹಾಗೆ, ಆಮೇಲೆ ತಡೆಯಲಾರದೆ, ಚಿಕ್ಕ ಮಕ್ಕಳ ಹಾಗೆ. ನಮ್ಮ ಮ್ಯಾನೇಜರ್. ಬೀಗದ ಕೈಯ ಗೊಂಚಲು ಸೊಂಟದಲ್ಲಿ ಅಲುಗುತ್ತಿತ್ತು. ತಾಯಿ ಸತ್ತು ಒಂಬತ್ತು ದಿನದಲ್ಲಿ ಆ ಮನುಷ್ಯ ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಭಾವ ಮುಚ್ಚಳದ ಮೇಲೆ ಅಂಗೈ ಇಟ್ಟು ಎರಡು ನಿಮಿಷ ಹಾಗೇ ನಿಂತಿದ್ದರು.

ಇನ್ನಾದರೂ ಬುದ್ಧಿ ಬಂದೀತು ಎಂದುಕೊಂಡೆ. ಮಾರನೇ ದಿನ ಬೆಳಿಗ್ಗೆ ದೂರು ಪುಸ್ತಕ ತೆರೆದು ಮ್ಯಾನೇಜರ್ ತಮ್ಮ ಕೈಯಾರೆ ಬರೆದರು. 'ಸಭೆಯ ನಡುವೆ ನನ್ನ ತಾಯಿಯವರ ಭಾವಚಿತ್ರವನ್ನು ಪರದೆಯಿಂದ ತೆಗೆದದ್ದು.' ಭಾವನ ಪುಟದಲ್ಲಿ ಮೂರನೆಯದು. ಅಳಿಯ ದೇವರ ಹೆಸರಿನಲ್ಲಿ ಪುಟವೇ ಇಲ್ಲ, ಅವರು ನೌಕರರಲ್ಲವಲ್ಲ. ಎಲ್ಲರೆದುರು ಅತ್ತದ್ದನ್ನು ಕ್ಷಮಿಸುವುದು ಅಂಥವರಿಗೆ ಕಷ್ಟ. ತಾನು ಅತ್ತದ್ದಕ್ಕೆ ಯಾರ ಮೇಲಾದರೂ ಬರೆಯಲೇಬೇಕಿತ್ತು. ಭಾವ ಕಪ್ಪು ಟವೆಲ್ ಮಡಚಿ ಬಗಲಲ್ಲಿಟ್ಟುಕೊಂಡು ಮನೆಗೆ ಹೋದರು. ನಾನು ಆ ದಿನ ಕುರ್ಚಿಗಳನ್ನು ಎತ್ತಿ ಎತ್ತಿ ಕುಕ್ಕಿದೆ.

ಆಮೇಲೆ ಹಾಲ್‌ನ ಕಾರ್ಯಕ್ರಮ ಪಟ್ಟಿ ಬದಲಾಯಿತು. ಹಾಡು, ತಕ್ಷಣ ಭಾಷಣ. ಮೌನವನ್ನು ತೆಗೆದುಹಾಕಿದರು. ಯಂತ್ರಕ್ಕೆ ಸುಮ್ಮನಿರಲು ಬರುವುದಿಲ್ಲ ಎಂದು ಮನುಷ್ಯರಿಗೆ ಸುಮ್ಮನಿರುವುದನ್ನೇ ಬಿಡಿಸಿದರು. ಎಲ್ಲ ಆಟೊಮ್ಯಾಟಿಕ್. ಮ್ಯಾನೇಜರ್ ಶುರು ಮಾಡಿ ತಮ್ಮ ಕೋಣೆಗೆ ಹೋಗುತ್ತಾರೆ, ಮೂಲೆಯ ಮೇಜಿನ ಹಿಂದೆ ಯಾರೂ ಇರುವುದಿಲ್ಲ. 'ಸಿಬ್ಬಂದಿಯಲ್ಲದವರು ಮುಟ್ಟಬಾರದು' ಎಂದು ಒಂದು ಚೀಟಿ ಅಂಟಿಸಿದ್ದಾರೆ. ಮನೆಯಲ್ಲಿ ಭಾವ ಟೀವಿ ಮುಂದೆ ಕೂರುತ್ತಾರೆ, ಅಕ್ಕ ಎಷ್ಟು ಜೋರಾಗಿ ಇಟ್ಟರೂ ರಿಮೋಟು ಮುಟ್ಟುವುದಿಲ್ಲ. ಅಕ್ಕ ಬೇಕೆಂದೇ ಜೋರಾಗಿ ಇಡುತ್ತಾಳೆ, ಒಮ್ಮೆಯಾದರೂ ಇಳಿಸಲಿ ಎಂದು.

ಮೊನ್ನೆ ಒಬ್ಬ ಟೈಲರ್ ಹೆಂಗಸು ಹಾಲ್ ಬುಕ್ ಮಾಡಲು ಬಂದರು. ಅವರ ತಂದೆ ಹೋಗಿದ್ದರು. ಕಾರ್ಯಕ್ರಮ ಪಟ್ಟಿ ಓದಿ ನನ್ನ ಹತ್ತಿರ ಬಂದು ಕೇಳಿದರು. "ಅಕ್ಕಾ, ಇದ್ರಲ್ಲಿ ಮೌನ ಇಲ್ವಲ್ಲ?"

"ಈಗ ತೆಗೆದಿದಾರೆ."

"ಹನ್ನೊಂದು ವರ್ಷದ ಹಿಂದೆ ನಮ್ಮಮ್ಮಂದೂ ಇಲ್ಲೇ ಆಗಿದ್ದು," ಎಂದರು. "ಆವತ್ತು ಹಾಡು ಯಾವಾಗ ನಿಲ್ತು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಹಾಡಿತ್ತು, ಆಮೇಲೆ ಅಮ್ಮ ಇಲ್ಲ ಅಂತ ಗೊತ್ತಾಯ್ತು. ಅಷ್ಟೇ ನೆನಪಿರೋದು. ಅಪ್ಪಂದೂ ಹಾಗೇ ಆಗ್ಲಿ ಅಂತ ದೂರ ಆದ್ರೂ ಈ ಹಾಲ್‌ಗೇ ಬಂದೆ."

"ಅದನ್ನ ಮಾಡ್ತಿದ್ದೋರು ನಮ್ಮ ಭಾವ," ಎಂದೆ. ಮೂವತ್ತೊಂದು ವರ್ಷದಲ್ಲಿ ನಾನು ಆ ಮಾತನ್ನು ಹೆಮ್ಮೆಯಿಂದ ಹೇಳಿದ್ದು ಅದೇ ಮೊದಲು. ಬಟನ್ ಒತ್ತುವುದೂ ಒಂದು ಕೆಲಸವಾ ಎಂದು ಎಷ್ಟು ಸಲ ಕೇಳಿದ್ದೆ. ಆ ನಾಲಿಗೆಗೆ ಆವತ್ತೇ ಬರೆ ಹಾಕಬೇಕಿತ್ತು. ಆಮೇಲೆ ಅವರಿಗೆ ಎರಡು ವಿಷಯ ಹೇಳಿದೆ. ತಂದೆಯವರ ಫೋಟೊಗೆ ಫ್ರೇಮ್ ಹಾಕಿಸಿ ತನ್ನಿ. ನಮ್ಮ ಭಾವನನ್ನು ನಿಮ್ಮ ಕಡೆಯ ಅತಿಥಿ ಎಂದು ಕರೆಯಿರಿ.

ಸಭೆಯ ದಿನ ಫ್ರೇಮನ್ನು ಪರದೆಯ ಮುಂದೆ ಹೂವಿನ ನಡುವೆ ನಿಲ್ಲಿಸಿದೆ, ಅದರ ಮೇಲೆ ಒಂದು ಸಣ್ಣ ದೀಪ. ಭಾವ ಬಿಳಿ ಶರ್ಟಿನಲ್ಲಿ ಮೊದಲ ಸಾಲಿನ ತುದಿಯಲ್ಲಿ, ಆ ಹೆಂಗಸಿನ ಭುಜ ಕಾಣುವ ಹಾಗೆ ಕೂತಿದ್ದರು. ಹಾಡು ಶುರುವಾಗಿ ಮ್ಯಾನೇಜರ್ ಕೋಣೆಗೆ ಹೋದ ಮೇಲೆ ನಾನು ಪ್ರೊಜೆಕ್ಟರಿನ ಪ್ಲಗ್ ಕಿತ್ತೆ. ದೊಡ್ಡ ಮುಖ ಹೋಗಿ ಹೂವಿನ ನಡುವಿನ ಸಣ್ಣ ಮುಖ ಉಳಿಯಿತು. ಆಮೇಲೆ ಮೇಜಿನ ಹಿಂದೆ ಕೂತೆ. ನಾನು ಸಿಬ್ಬಂದಿ, ಮುಟ್ಟಬಹುದು.

ಲ್ಯಾಪ್‌ಟಾಪಿನ ಬೆಳಕು ಇಳಿಸಿ ಭಾವನ ಕೈ ನೋಡುತ್ತಾ ಕೂತೆ. ಹಾಡು ಕೊನೆಗೆ ಬಂದಾಗ ಅವರ ತೋರುಬೆರಳು ಮೊಣಕಾಲಿನ ಮೇಲೆ ಒಂದು ಸಲ ಇಳಿಯಿತು. ನಾನು ಒತ್ತಿದೆ. ನೀಲಿ ಪಟ್ಟಿ ಬಂತು, ನೋಡಲು ನಾನೊಬ್ಬಳೇ ಇದ್ದೆ. ಬೆರಳು ಮತ್ತೆ ಇಳಿಯುವವರೆಗೆ ಕಾಯುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಕೈ ಮುಂದಕ್ಕೆ ಓಡುತ್ತದೆ. ಆ ಹೆಂಗಸು ಉಸಿರು ಬಿಟ್ಟಾಗ ಬೆರಳು ಇಳಿಯುತ್ತಿತ್ತು, ಬೆರಳು ಇಳಿದಾಗ ನಾನು ಒತ್ತುತ್ತಿದ್ದೆ. ಹದಿನಾರಲ್ಲ, ಹತ್ತೇ ಮೆಟ್ಟಿಲು. ಒರಟಾಗಿಯೇ ಇತ್ತು. ಆದರೂ ಹಾಡು ಹೋಯಿತು, ಮತ್ತು ಯಾರೂ ತಲೆಯೆತ್ತಲಿಲ್ಲ.

ಸಂಜೆ ಮ್ಯಾನೇಜರ್ ದೂರು ಪುಸ್ತಕ ತಂದು ನನ್ನ ಮುಂದೆ ಹಿಡಿದರು. 'ಅನುಮತಿಯಿಲ್ಲದೆ ಪ್ರೊಜೆಕ್ಟರ್ ಆರಿಸಿದ್ದು, ಕಾರ್ಯಕ್ರಮದಲ್ಲಿಲ್ಲದ ಮೌನವನ್ನು ಸೇರಿಸಿದ್ದು.' ಸಹಿ ಹಾಕಿ ಎಂದರು. ಹಾಕಿದೆ. ಹತ್ತೊಂಬತ್ತು ವರ್ಷದಲ್ಲಿ ನನ್ನ ಪುಟದಲ್ಲಿ ಅದೇ ಮೊದಲನೆಯದು. ವರ್ಷ ಮುಗಿಯಲು ಇನ್ನೂ ಐದು ತಿಂಗಳಿದೆ, ನನ್ನ ಹೆಸರಿಗೆ ಇನ್ನೂ ಎರಡು ಉಳಿದಿವೆ. ಬಿಳಿ ಶರ್ಟನ್ನು ಒಗೆದು ಇಸ್ತ್ರಿ ಮಾಡಿ ಇಟ್ಟಿರಿ ಎಂದು ಭಾವನಿಗೆ ಹೇಳಿದ್ದೇನೆ.